ರಿಂಗ್ ಆಗುತ್ತೆ, ಮಾತು ಒಂದೇ ಕಡೆ ಕೇಳುತ್ತೆ: ಮನೆಯ ಇಂಟರ್ನೆಟ್ ಫೋನಿನ ದೋಷ ಹುಡುಕುವುದು ಹೀಗೆ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಎಷ್ಟೋ ತೋಟದ ಮನೆಗಳ ಒಳಗೆ ಮೊಬೈಲ್ ಸಿಗ್ನಲ್ ಸಿಗುವುದೇ ಕಷ್ಟ. ಫೈಬರ್ ಬಂದ ಮೇಲೆ ಅಲ್ಲಿನ ಮಾತುಕತೆಯೆಲ್ಲ ಅದನ್ನೇ ನಂಬಿಕೊಂಡಿದೆ. ಕೆಲವರ ಮನೆಯಲ್ಲಿ ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದ ಲ್ಯಾಂಡ್‌ಲೈನ್ ಇದೆ. ಕೆಲವರು ಮೊಬೈಲಲ್ಲೇ ವೈಫೈ ಕಾಲಿಂಗ್ ಹಾಕಿಕೊಂಡಿದ್ದಾರೆ. ಹೋಂಸ್ಟೇ ನಡೆಸುವ ಕೆಲವರು ಇಂಟರ್ನೆಟ್ ನಂಬರ್ ತೆಗೆದುಕೊಂಡು ಆ್ಯಪ್‌ನಲ್ಲೋ ಐಪಿ ಫೋನ್‌ನಲ್ಲೋ (ಇಂಟರ್ನೆಟ್ಟಿಗೇ ಸೇರಿಸುವ ಮೇಜಿನ ಫೋನು) ಮಾತಾಡುತ್ತಾರೆ. ಇವೆಲ್ಲದರಲ್ಲೂ ಬರುವ ದೂರು ಒಂದೇ: ರಿಂಗ್ ಆಗುತ್ತೆ, ಎತ್ತುತ್ತಾರೆ, ಆಮೇಲೆ ಒಬ್ಬರ ಮಾತು ಮಾತ್ರ ಕೇಳುತ್ತೆ. ಬೆಂಗಳೂರಲ್ಲಿರುವ ಮಗಳು "ಅಮ್ಮಾ, ಕೇಳ್ತಾ ಇದ್ಯಾ? ಮಾತಾಡಮ್ಮಾ" ಅಂತ ಕೂಗುತ್ತಿರುತ್ತಾಳೆ. ಅಮ್ಮ ಇಲ್ಲಿ ಉತ್ತರ ಕೊಡುತ್ತಲೇ ಇರುತ್ತಾರೆ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ಮೊದಲು ತಿಳಿಯಬೇಕಾದ್ದು ಇಷ್ಟು. ರಿಂಗ್ ಆಗಿದೆ ಅಂದರೆ ಲೈನ್ ಇದೆ, ಇಂಟರ್ನೆಟ್ ಇದೆ, ನಿಮ್ಮ ನಂಬರ್ ಕೂಡ ಸರಿಯಾಗಿದೆ. ಇಂಟರ್ನೆಟ್ ಫೋನಿನಲ್ಲಿ ಕರೆ ಕೂಡಿಸುವ ಕೆಲಸ ಬೇರೆ, ದನಿ ಸಾಗಿಸುವ ಕೆಲಸ ಬೇರೆ. ಕರೆ ಕೂಡಿಸುವುದು ಸಿಪ್ ಎಂಬ ಪದ್ಧತಿ, ಸಾಮಾನ್ಯವಾಗಿ 5060 ನಂಬರಿನ ಪೋರ್ಟ್ ಎಂಬ ಬಾಗಿಲಿನಲ್ಲಿ. ದನಿ ಹೋಗುವುದು ಆರ್‌ಟಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ, ಬೇರೆ ಪೋರ್ಟ್‌ಗಳಲ್ಲಿ. ಅದರಲ್ಲೂ ನಿಮ್ಮಿಂದ ಹೋಗುವ ದನಿ ಒಂದು ಹರಿವು, ಅವರಿಂದ ಬರುವ ದನಿ ಇನ್ನೊಂದು ಹರಿವು. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ (ದನಿಯ ಸಣ್ಣ ತುಂಡು), ಅಂದರೆ ಸೆಕೆಂಡಿಗೆ 50 ಪ್ಯಾಕೆಟ್ ಒಂದೊಂದು ದಿಕ್ಕಿನಲ್ಲೂ ಓಡುತ್ತದೆ. ಒಂದು ಹರಿವು ನಿಂತರೂ ಇನ್ನೊಂದಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಯಾರಿಗೆ ಕೇಳುತ್ತಿಲ್ಲ ಅನ್ನುವುದೇ ದೊಡ್ಡ ಸುಳಿವು. ಇಡೀ ಹುಡುಕಾಟ ಆ ಒಂದು ಸುಳಿವಿನ ಮೇಲೇ ನಡೆಯುತ್ತದೆ.

ಇನ್ನೊಂದು ಮಾತು. ದನಿಯನ್ನು ಜಿ.711 ಎಂಬ ಮಾಮೂಲಿ ರೂಪದಲ್ಲಿ ಕಳಿಸುವ ಕರೆಗೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ವೇಗ ಸಾಕು. ಇದಕ್ಕೋಸ್ಕರ ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಿ ಸುಮ್ನೆ ದುಡ್ಡು ಕಳೆಯಬೇಡಿ.

ಏನನ್ನೂ ಮುಟ್ಟುವ ಮುಂಚೆ

ಫೈಬರ್ ಪೆಟ್ಟಿಗೆಯ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಒಳಗೆ ರಿಸೆಟ್ ಬಟನ್. ಅದನ್ನು ಒತ್ತಬೇಡಿ. ಒತ್ತಿದರೆ ಕಂಪನಿಯವರು ಹಾಕಿಕೊಟ್ಟ ಇಂಟರ್ನೆಟ್ ಸೆಟ್ಟಿಂಗ್, ಫೋನ್ ಸೆಟ್ಟಿಂಗ್ ಎರಡೂ ಅಳಿಸಿ ಹೋಗಬಹುದು. ಅರ್ಧ ಕೆಟ್ಟಿದ್ದ ಫೋನು ಪೂರ್ತಿ ಸತ್ತುಹೋಗುತ್ತದೆ. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಬಿದ್ದಿರುವಾಗ ಅದನ್ನು ಮತ್ತೆ ಹಾಕಿಕೊಡಲು ಯಾವಾಗ ಜನ ಬರುತ್ತಾರೋ ಹೇಳಲಾಗದು. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ, ಅದರಿಂದ ಏನೂ ಅಳಿಯುವುದಿಲ್ಲ.

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೇಳದೇ ಇರುವುದು ನಿಮಗಾ, ಅವರಿಗಾ? ಎಲ್ಲರ ಜೊತೆಗೂ ಹೀಗೇ ಆಗುತ್ತದಾ, ಒಬ್ಬರ ಜೊತೆ ಮಾತ್ರವಾ? ನೀವು ಮಾಡಿದ ಕರೆಯಲ್ಲಾ, ಬಂದ ಕರೆಯಲ್ಲಾ, ಎರಡರಲ್ಲೂನಾ? ಎತ್ತಿದ ಕ್ಷಣದಿಂದಲೇ ಮೌನವಾ, ಸ್ವಲ್ಪ ಹೊತ್ತು ಮಾತಾಡಿದ ಮೇಲಾ? ಈ ಚೀಟಿ ಕೊನೆಯವರೆಗೂ ಬೇಕಾಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಶುರುವಾಗಿದ್ದರೆ

ನಮ್ಮ ಕಡೆ ಇದೇ ಜಾಸ್ತಿ. ಕರೆಂಟ್ ಬಂದ ತಕ್ಷಣ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಏಳುತ್ತವೆ. ಇಂಟರ್ನೆಟ್ಟಿನಲ್ಲಿ ನಿಮ್ಮ ಮನೆಗಿರುವ ಹೊರಗಿನ ವಿಳಾಸ ಬದಲಾಗಿರಬಹುದು. ಯುಪಿಎಸ್ ಮೇಲಿದ್ದ ಫೋನಿಗೋ ಆ್ಯಪ್‌ಗೋ ಅದು ತಿಳಿದಿರುವುದಿಲ್ಲ, ಹಳೆಯ ವಿಳಾಸವನ್ನೇ ಹೇಳುತ್ತಿರುತ್ತದೆ. ಎಲ್ಲವನ್ನೂ ಆಫ್ ಮಾಡಿ. ಮೊದಲು ಫೈಬರ್ ಪೆಟ್ಟಿಗೆ ಆನ್ ಮಾಡಿ, ಫೈಬರ್ ಸಂಪರ್ಕ ತೋರಿಸುವ ಪಿಒಎನ್ ದೀಪ ಮಿನುಗುವುದು ಬಿಟ್ಟು ಒಂದೇ ಸಮ ಉರಿಯುವವರೆಗೆ ಕಾಯಿರಿ. ಬೇರೆ ರೌಟರ್ ಇದ್ದರೆ ಆಮೇಲೆ ಅದು. ಫೋನು ಎಲ್ಲಕ್ಕಿಂತ ಕೊನೆಗೆ. ಆ್ಯಪ್ ಆದರೆ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ತುಂಬಾ ಮನೆಗಳಲ್ಲಿ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ನಿಮಗೆ ಕೇಳುತ್ತೆ, ಅವರಿಗೆ ನಿಮ್ಮ ಮಾತು ಕೇಳಲ್ಲ

ಇದರಲ್ಲಿ ಮೊದಲ ಅನುಮಾನ ಮೈಕಿನ ಮೇಲೆ. ರೌಟರಿನ ಹತ್ತಿರ ಹೋಗುವ ಅಗತ್ಯ ಇನ್ನೂ ಇಲ್ಲ.

ಮೊಬೈಲ್ ಆದರೆ ಮ್ಯೂಟ್ ಒತ್ತಿದೆಯಾ ನೋಡಿ. ಕೆನ್ನೆ ತಾಗಿ ಎಷ್ಟೋ ಸಲ ಅದು ಒತ್ತಿಕೊಳ್ಳುತ್ತದೆ. ಬ್ಲೂಟೂತ್ ಆಫ್ ಮಾಡಿ. ಅಂಗಳದಲ್ಲಿ ನಿಂತ ಜೀಪಿಗೋ ಒಳಕೋಣೆಯ ಸ್ಪೀಕರಿಗೋ ಅದು ಅಂಟಿಕೊಂಡಿದ್ದರೆ ಮೈಕ್ ಅಲ್ಲಿರುತ್ತದೆ, ನೀವು ಇಲ್ಲಿರುತ್ತೀರಿ. ಆಮೇಲೆ ಮೊಬೈಲಿನ ವಾಯ್ಸ್ ರೆಕಾರ್ಡರ್ ತೆರೆದು ಎರಡು ಮಾತಾಡಿ, ಕೇಳಿ. ರೆಕಾರ್ಡಿಂಗ್‌ನಲ್ಲೇ ದನಿ ಇಲ್ಲದಿದ್ದರೆ ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಮೊಬೈಲಿನ ಕೆಳ ಅಂಚಿನಲ್ಲಿರುವ ಸಣ್ಣ ತೂತನ್ನು ಬೆಳಕಿಗೆ ಹಿಡಿದು ನೋಡಿ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲೂ ಪಲ್ಪರ್ ಹತ್ತಿರವೂ ಓಡಾಡಿದ ಫೋನಿನಲ್ಲಿ ಧೂಳು, ಸಿಪ್ಪೆಯ ಪುಡಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಣಗಿದ ಮೆತ್ತನೆ ಬ್ರಶ್ಶಿನಿಂದ ಉಜ್ಜಿ. ಸೂಜಿ, ಪಿನ್ನು ಹಾಕಬೇಡಿ, ಹಾಕಿದರೆ ಮೈಕೇ ಹೋಗುತ್ತದೆ. ಸ್ಪೀಕರ್ ಮೋಡ್ ಹಾಕಿದಾಗ ಅವರಿಗೆ ಕೇಳಿತು ಅಂದರೆ ಕೆಳಗಿನ ಮೈಕ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಎಷ್ಟೋ ಮೊಬೈಲುಗಳಲ್ಲಿ ಸ್ಪೀಕರ್ ಮೋಡಿಗೆ ಬೇರೆ ಮೈಕ್ ಕೆಲಸ ಮಾಡುತ್ತದೆ.

ರೆಕಾರ್ಡರ್‌ನಲ್ಲಿ ದನಿ ಚೆನ್ನಾಗಿದ್ದು ಒಂದೇ ಆ್ಯಪ್‌ನಲ್ಲಿ ಮಾತ್ರ ಹೋಗುತ್ತಿಲ್ಲವಾ? ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ಗೆ ಮೈಕ್ರೊಫೋನ್ ಪರ್ಮಿಷನ್ ಇದೆಯಾ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಇಡೀ ಫೋನಿನ ಮೈಕನ್ನೇ ಮುಚ್ಚುವ ಸ್ವಿಚ್ಚೂ ಬಂದಿದೆ. ಮೇಲಿಂದ ಕೆಳಗೆ ಎಳೆಯುವ ಪರದೆಯಲ್ಲಿ ಅದು ಸಿಗುತ್ತದೆ, ಮಕ್ಕಳ ಕೈಯಲ್ಲಿ ಫೋನ್ ಕೊಟ್ಟರೆ ಒತ್ತಿಬಿಡುತ್ತಾರೆ. ಆ್ಯಪ್ ಮೈಕ್ ಬಳಸುತ್ತಿದ್ದರೆ ಈ ಫೋನುಗಳಲ್ಲಿ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ, ಐಫೋನಿನಲ್ಲಿ ಕಿತ್ತಳೆ ಚುಕ್ಕೆ. ಕರೆಯ ನಡುವೆ ಆ ಗುರುತು ಇಲ್ಲದಿದ್ದರೆ ಮೈಕ್ ತೆರೆದೇ ಇಲ್ಲ ಅಂತ ಲೆಕ್ಕ.

ವಯರ್ ಇರುವ ಲ್ಯಾಂಡ್‌ಲೈನ್ ಆದರೆ ಒಂದು ಒಳ್ಳೆಯ ಪರೀಕ್ಷೆ ಇದೆ. ದುಡ್ಡೂ ಬೇಡ, ಇನ್ನೊಬ್ಬರೂ ಬೇಡ. ರಿಸೀವರ್ ಎತ್ತಿ. ಡಯಲ್ ಟೋನ್ ಬರುತ್ತದೆ. ಯಾವುದಾದರೂ ಒಂದು ಅಂಕಿ ಒತ್ತಿ, ಟೋನ್ ನಿಲ್ಲುತ್ತದೆ. ಈಗ ಬಾಯಿಯ ಕಡೆಗೆ ಮೆಲ್ಲಗೆ ಊದಿ. ನಿಮ್ಮ ಉಸಿರು ನಿಮ್ಮ ಕಿವಿಗೇ "ಹೂಶ್" ಅಂತ ಕೇಳಬೇಕು. ಮಾತಾಡುವವರ ದನಿಯನ್ನು ಸ್ವಲ್ಪ ಅವರ ಕಿವಿಗೇ ಕೊಡುವ ಹಾಗೆ ಈ ಫೋನುಗಳನ್ನು ಮಾಡಿರುತ್ತಾರೆ. ಉಸಿರು ಕೇಳಿದರೆ ಮೈಕ್ ಮತ್ತು ವಯರ್ ಚೆನ್ನಾಗಿವೆ, ದೋಷ ಮುಂದೆಲ್ಲೋ ಇದೆ. ಕೇಳದಿದ್ದರೆ ರಿಸೀವರಿಗೂ ಫೋನಿಗೂ ನಡುವಿನ ಸುರುಳಿ ವಯರನ್ನು ಅನುಮಾನಿಸಿ. ಅದರಲ್ಲಿ ನಾಲ್ಕು ತಂತಿ: ಎರಡು ಮೈಕಿಗೆ, ಎರಡು ಕಿವಿಗೆ. ತಿರುಚಿ ತಿರುಚಿ ಮೈಕಿನ ಒಂದು ತಂತಿ ಒಳಗೇ ಮುರಿದರೆ ನಿಮಗೆ ಎಲ್ಲ ಕೇಳುತ್ತದೆ, ಅವರಿಗೆ ಏನೂ ಕೇಳುವುದಿಲ್ಲ. ಊದುತ್ತಾ ವಯರನ್ನು ಎರಡು ತುದಿಯಲ್ಲೂ ಅಲುಗಾಡಿಸಿ. ದನಿ ಬಂದು ಹೋಗಿ ಮಾಡಿದರೆ ಅದೇ ಕಳ್ಳ. ಹೊಸ ವಯರಿಗೆ ದೊಡ್ಡ ಖರ್ಚೇನಿಲ್ಲ, ಹಾಸನ ಚಿಕ್ಕಮಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ. ಇಲ್ಲವೇ ಪಕ್ಕದ ಮನೆಯ ಹಳೇ ಫೋನ್ ತಂದು ಸಿಕ್ಕಿಸಿ ನೋಡಿ. ಮಳೆಗಾಲದ ಥಂಡಿಗೆ ಮೈಕಿನ ಒಳಗೆ ತೇವ ಕೂತು ದನಿ ಮಂಕಾಗುವುದೂ ಇದೆ, ಎರಡು ದಿನ ಒಣ ಜಾಗದಲ್ಲಿಟ್ಟು ಪರೀಕ್ಷಿಸಿ.

ಅವರಿಗೆ ಕೇಳುತ್ತೆ, ನಿಮಗೆ ಅವರ ಮಾತು ಕೇಳಲ್ಲ

ವಾಲ್ಯೂಮ್, ಬ್ಲೂಟೂತ್, ಕಿವಿ ಹತ್ತಿರದ ಜಾಲರಿ, ಸ್ಪೀಕರ್ ಮೋಡ್: ಇಷ್ಟು ನೋಡಿಯಾದ ಮೇಲೆ ಅನುಮಾನ ನೆಟ್‌ವರ್ಕ್ ಕಡೆ ತಿರುಗಬೇಕು. ರೌಟರ್ ಕೆಡಿಸುವ ಕರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ ಇದೇ.

ಕಾರಣ ಹೀಗೆ. ಮನೆಯೊಳಗಿನ ಫೋನಿಗೆ 192.168 ರಿಂದ ಶುರುವಾಗುವ ಒಂದು ಒಳ ವಿಳಾಸ ಇರುತ್ತದೆ. ಅದು ಮನೆಯ ಗೋಡೆಯೊಳಗೆ ಮಾತ್ರ ನಡೆಯುತ್ತದೆ. ಕಾಗದ ಬರೆದವರು ಊರು, ಮನೆ ಹೆಸರು ಏನೂ ಇಲ್ಲದೆ "ಮಹಡಿ ಮೇಲಿನ ಕೋಣೆ" ಅಂತಷ್ಟೇ ತಮ್ಮ ವಿಳಾಸ ಬರೆದರೆ ಉತ್ತರ ಎಲ್ಲಿಗೆ ಬರಬೇಕು? ಕರೆ ಕೂಡುವಾಗ ನಿಮ್ಮ ಫೋನು "ದನಿಯನ್ನು ಇಲ್ಲಿಗೆ ಕಳಿಸಿ" ಅಂತ ಒಳ ವಿಳಾಸವನ್ನೇ ಹೇಳಿಬಿಟ್ಟರೆ ಆಗುವುದೂ ಅದೇ. ನಿಮ್ಮ ದನಿ ಹೊರಗೆ ಹೋಗುತ್ತದೆ, ಅವರ ದನಿ ದಾರಿ ತಪ್ಪುತ್ತದೆ. ಇದನ್ನು ಸರಿಮಾಡಲು ಒಳ್ಳೆಯ ಆ್ಯಪ್‌ಗಳು ಸ್ಟನ್ ಎಂಬ ಉಪಾಯದಿಂದ ಹೊರಗಿನ ವಿಳಾಸ ಕೇಳಿ ತಿಳಿದುಕೊಳ್ಳುತ್ತವೆ.

ಇದು ರೌಟರಿನದೇ ಕೆಲಸವಾ ಅಂತ ತಿಳಿಯುವುದು ಸುಲಭ. ಆ್ಯಪ್ ಆದರೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಕರೆ ಮಾಡಿ. ಮನೆಯೊಳಗೆ ಸಿಗ್ನಲ್ ಇಲ್ಲದಿದ್ದರೆ ನಿಮ್ಮ ತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಒಂದಿರುತ್ತದೆ ಅಲ್ವಾ, ಅಲ್ಲಿಗೆ ಹೋಗಿ ಮಾಡಿ. ಅಲ್ಲಿ ಎರಡೂ ಕಡೆ ಕೇಳಿದರೆ ದೋಷ ಮನೆಯ ರೌಟರಿನಲ್ಲಿದೆ. ಅಲ್ಲೂ ಹಾಗೇ ಇದ್ದರೆ ಆ್ಯಪ್ ಸೆಟ್ಟಿಂಗ್‌ನಲ್ಲೋ, ನಂಬರ್ ಕೊಟ್ಟ ಕಂಪನಿಯ ಕಡೆಯೋ ಇದೆ.

ವಾಟ್ಸ್ಆ್ಯಪ್ ಕರೆ ಇದಕ್ಕೆ ಒಳ್ಳೆಯ ಸಾಕ್ಷಿ. ನೇರ ದಾರಿ ಸಿಗದಿದ್ದರೆ ಅದು ನಡುವಿನ ಸರ್ವರ್ ಮೂಲಕ ದನಿ ಕಳಿಸುತ್ತದೆ, ಆದ್ದರಿಂದ ವಿಳಾಸದ ಗೊಂದಲ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಚೆನ್ನಾಗಿ ಕೇಳಿ ಇಂಟರ್ನೆಟ್ ನಂಬರಿನಲ್ಲಿ ಕೇಳದಿದ್ದರೆ ರೌಟರ್ ನೋಡಿ. ವಾಟ್ಸ್ಆ್ಯಪ್‌ನಲ್ಲೂ ಒಂದೇ ಕಡೆ ಅಂದರೆ ಫೋನನ್ನೇ ನೋಡಿ.

ರೌಟರಿನೊಳಗೆ: ಸಿಪ್ ಎಎಲ್‌ಜಿ

ತುಂಬಾ ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಒಂದು ಸೌಲಭ್ಯ ಮೊದಲೇ ಆನ್ ಆಗಿ ಬರುತ್ತದೆ. ಕರೆ ಕೂಡುವ ಸಂದೇಶದೊಳಗೆ ಕೈಹಾಕಿ ಒಳ ವಿಳಾಸವನ್ನು ಹೊರ ವಿಳಾಸಕ್ಕೆ ಬದಲಿಸುವುದು ಅದರ ಕೆಲಸ. ಉದ್ದೇಶ ಒಳ್ಳೆಯದೇ. ಆದರೆ ಫೋನು ತಾನೇ ವಿಳಾಸ ಸರಿಮಾಡಿಕೊಂಡಿರುವಾಗ ಇದು ಮತ್ತೆ ತಿದ್ದಿ ಕೆಡಿಸುತ್ತದೆ. ಐಪಿ ಫೋನು ಅಥವಾ ಆ್ಯಪ್ ಬಳಸುವವರು ಇದನ್ನು ಆಫ್ ಮಾಡಿ ನೋಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ರೌಟರಿನ ತಳದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಅಂತ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್ ಇರುತ್ತದೆ. ವೈಫೈನಲ್ಲಿರುವ ಮೊಬೈಲಿನ ಬ್ರೌಸರಿನಲ್ಲಿ ಆ ಅಂಕಿ ಹಾಕಿ. ಒಳಗೆ ಅಡ್ವಾನ್ಸ್ಡ್, ಸೆಕ್ಯುರಿಟಿ, ನ್ಯಾಟ್ ಅಥವಾ ಅಪ್ಲಿಕೇಶನ್ ಅನ್ನುವ ಕಡೆ ಎಎಲ್‌ಜಿ ಪುಟ ಸಿಗುತ್ತದೆ. ಏನನ್ನಾದರೂ ಬದಲಿಸುವ ಮುಂಚೆ ಆ ಪುಟದ ಫೋಟೋ ತೆಗೆದಿಡಿ. ಸಿಪ್ ಮುಂದಿನ ಟಿಕ್ ಮಾತ್ರ ತೆಗೆಯಿರಿ, ಸೇವ್ ಮಾಡಿ, ರೌಟರ್ ಆಫ್ ಮಾಡಿ ಆನ್ ಮಾಡಿ, ಫೋನನ್ನೂ ಹಾಗೇ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಹೋಗದಿದ್ದರೆ ಫೋಟೋ ನೋಡಿ ಮೊದಲಿದ್ದ ಹಾಗೆ ಮಾಡಿ.

ಫೈಬರ್ ಪೆಟ್ಟಿಗೆಯ ಟೆಲ್ ತೂತಿಗೇ ನೇರ ಸಿಕ್ಕಿಸಿದ ಲ್ಯಾಂಡ್‌ಲೈನ್ ಆಗಿದ್ದರೆ ಈ ಪುಟಕ್ಕೆ ಹೋಗಬೇಡಿ. ಅದರ ಸೆಟ್ಟಿಂಗ್ ಕಂಪನಿಯ ಕೈಯಲ್ಲಿರುತ್ತದೆ.

5060 ಪೋರ್ಟ್ ಹೊರಗಿನವರಿಗೆ ತೆರೆಯಿರಿ, ಫೋನನ್ನು ಡಿಎಂಜೆಡ್‌ನಲ್ಲಿ (ರೌಟರಿನ ರಕ್ಷಣೆಯ ಹೊರಗೆ) ಹಾಕಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ತೆರೆದ 5060 ಪೋರ್ಟ್ ಹುಡುಕುತ್ತಲೇ ಇರುವ ಯಂತ್ರಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ. ನಡುರಾತ್ರಿ ಫೋನ್ ರಿಂಗ್ ಆಗುತ್ತದೆ, ಎತ್ತಿದರೆ ಯಾರೂ ಇರುವುದಿಲ್ಲ. ಪಾಸ್‌ವರ್ಡ್ ಸಡಿಲವಿದ್ದರೆ ನಿಮ್ಮ ನಂಬರಿನಿಂದ ವಿದೇಶಕ್ಕೆ ಕರೆ ಮಾಡಿ ಬಿಲ್ ಏರಿಸುತ್ತಾರೆ.

ಮನೆಯಲ್ಲಿ ಎರಡು ರೌಟರ್ ಇದ್ದರೆ

ದೊಡ್ಡ ಹೆಂಚಿನ ಮನೆ, ದಪ್ಪ ಗೋಡೆ. ಹೊರಗೆ ಆಫೀಸ್ ಕೋಣೆ. ವೈಫೈ ತಲುಪದು ಅಂತ ಅಂಗಡಿಯಿಂದ ಇನ್ನೊಂದು ರೌಟರ್ ತಂದು ಕೂರಿಸಿರುತ್ತಾರೆ. ಆಗ ವಿಳಾಸ ಬದಲಿಸುವ ಕೆಲಸ ಎರಡು ಕಡೆ ನಡೆಯುತ್ತದೆ, ದನಿ ದಾರಿ ತಪ್ಪುವ ಅವಕಾಶವೂ ಎರಡು ಪಟ್ಟು. ಎರಡನೇ ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಅದರ ಹೊರ ವಿಳಾಸ ನೋಡಿ. ಅದು 192.168 ರಿಂದ ಶುರುವಾಗಿದ್ದರೆ ಸಮಸ್ಯೆ ಇದೇ ಇರಬಹುದು. ಫೋನನ್ನು ಮೊದಲನೇ ಪೆಟ್ಟಿಗೆಯ ವೈಫೈಗೆ ಸೇರಿಸಿ ಕರೆ ಮಾಡಿ ನೋಡಿ. ಸರಿಯಾದರೆ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆಗ ಅದು ವೈಫೈ ಮಾತ್ರ ಹರಡುತ್ತದೆ, ವಿಳಾಸಕ್ಕೆ ಕೈಹಾಕುವುದಿಲ್ಲ.

ಮೊದಲನೇ ಪೆಟ್ಟಿಗೆಯ ಹೊರ ವಿಳಾಸವೇ 100.64 ರಿಂದ 100.127 ರ ನಡುವೆ ಇದ್ದರೆ ಇಂಟರ್ನೆಟ್ ಕೊಡುವವರೇ ಹಲವು ಮನೆಗೆ ಒಂದು ವಿಳಾಸ ಹಂಚುತ್ತಿದ್ದಾರೆ ಅಂತ ಅರ್ಥ. ಅದನ್ನು ಮನೆಯಲ್ಲಿ ಕೂತು ಬದಲಿಸಲಾಗದು. ಆ್ಯಪ್‌ನಲ್ಲಿ ಸ್ಟನ್ ಆನ್ ಇದೆಯಾ ನೋಡಿ, ನಂಬರ್ ಕೊಟ್ಟವರಿಗೆ ಈ ವಿಷಯ ತಿಳಿಸಿ.

ಮೊದಲು ಚೆನ್ನಾಗಿತ್ತು, ಸ್ವಲ್ಪ ಹೊತ್ತಿಗೆ ಹೋಯಿತು

ಗಡಿಯಾರ ಹಿಡಿದು ನೋಡಿ. ಪ್ರತಿ ಸಲವೂ ಹೆಚ್ಚು ಕಡಿಮೆ 32 ಸೆಕೆಂಡಿಗೆ ಕರೆಯೇ ಕಟ್ ಆಗುತ್ತಿದ್ದರೆ, ಕರೆ ಎತ್ತಿದ ಮೇಲೆ ಹೋಗಬೇಕಾದ "ತಲುಪಿತು" ಎಂಬ ಸಂದೇಶ ತಲುಪುತ್ತಿಲ್ಲ. ಸಿಪ್ ಅಷ್ಟು ಹೊತ್ತು ಕಾದು ಕರೆ ಮುಗಿಸಿಬಿಡುತ್ತದೆ. ಇಲ್ಲೂ ಎಎಲ್‌ಜಿ ಮತ್ತು ಎರಡು ರೌಟರಿನ ಗೊಂದಲವನ್ನೇ ಮೊದಲು ನೋಡಿ. ಕರೆ ಕಟ್ ಆಗದೆ, ಹೋಲ್ಡ್‌ನಲ್ಲಿಟ್ಟು ಬಂದ ಮೇಲೆ ಅಥವಾ ಮ್ಯೂಟ್ ತೆಗೆದ ಮೇಲೆ ದನಿ ಹೋದರೆ, ಪ್ಯಾಕೆಟ್ ಓಡಾಡದ ಹೊತ್ತಿನಲ್ಲಿ ರೌಟರ್ ಆ ದಾರಿಯನ್ನು ಮುಚ್ಚಿದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಕೀಪ್ ಅಲೈವ್ (ದಾರಿ ಮುಚ್ಚದಂತೆ ಆಗಾಗ ಪ್ಯಾಕೆಟ್ ಕಳಿಸುವುದು) ಇದ್ದರೆ ಆನ್ ಮಾಡಿ.

ನಿಮ್ಮ ದನಿ ಮಾತ್ರ ತುಂಡು ತುಂಡು

ಪೂರ್ತಿ ಮೌನ ಇಲ್ಲದೆ ಅವರಿಗೆ ನಿಮ್ಮ ಮಾತು ಕತ್ತರಿಸಿ ಕೇಳಿದರೆ ರೌಟರಿನ ಹತ್ತಿರ ಹೋಗಿ ಮಾತಾಡಿ. ಮೊಬೈಲಿನ ವೈಫೈ ಶಕ್ತಿ ರೌಟರಿನದಕ್ಕಿಂತ ಸಾಮಾನ್ಯವಾಗಿ ಕಡಿಮೆ. ದೂರದಿಂದ ಅದರ ದನಿ ನಿಮಗೆ ಮುಟ್ಟುತ್ತದೆ, ನಿಮ್ಮದು ಅದಕ್ಕೆ ಮುಟ್ಟುವುದಿಲ್ಲ. ಹತ್ತಿರ ಹೋದರೂ ಹಾಗೇ ಇದ್ದರೆ ತೋಟದ ಸಿಸಿಟಿವಿ ಕ್ಯಾಮೆರಾಗಳು, ಮೊಬೈಲಿನ ಫೋಟೋ ಬ್ಯಾಕಪ್ ಅಪ್‌ಲೋಡ್ ಪೂರ್ತಿ ತಿನ್ನುತ್ತಿರಬಹುದು. ನಿಲ್ಲಿಸಿ ನೋಡಿ.

ವೈಫೈ ಕಾಲಿಂಗ್‌ನಲ್ಲಿ ಆದರೆ

ಇದು ಬೇರೆ ದಾರಿ. ಮೊಬೈಲ್ ಕಂಪನಿಯವರೆಗೆ ಗುಪ್ತ ಸುರಂಗ ಹಾಕಿಕೊಂಡು, ಯುಡಿಪಿ 500 ಮತ್ತು 4500 ಪೋರ್ಟ್‌ಗಳ ಮೂಲಕ ಹೋಗುತ್ತದೆ. ಸಿಪ್ ಎಎಲ್‌ಜಿ ತೆಗೆದರೂ ಇಟ್ಟರೂ ಇದಕ್ಕೆ ವ್ಯತ್ಯಾಸವಿಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ವೈಫೈ ಕಾಲಿಂಗ್ ಆಫ್ ಮಾಡಿ ಆನ್ ಮಾಡಿ, ಮೊಬೈಲಿನಲ್ಲಿ ವಿಪಿಎನ್ ಇದ್ದರೆ ನಿಲ್ಲಿಸಿ. ರೌಟರಿನಲ್ಲಿ ಐಪಿಸೆಕ್ ಪಾಸ್‌ಥ್ರೂ (ಆ ಸುರಂಗಕ್ಕೆ ದಾರಿ ಬಿಡುವ ಸೆಟ್ಟಿಂಗ್) ಇದ್ದರೆ ಅದು ಆನ್ ಇರಲಿ. ಮನೆಯ ಎಲ್ಲ ಮೊಬೈಲಿನಲ್ಲೂ ಸರಿಯಿದ್ದು ಒಂದರಲ್ಲಿ ಮಾತ್ರ ತೊಂದರೆ ಅಂದರೆ ರೌಟರನ್ನು ಬಿಟ್ಟು ಆ ಮೊಬೈಲನ್ನು ನೋಡಿ.

ಇಲ್ಲಿ ಕೈ ಹಿಂದಕ್ಕೆ ತೆಗೆಯಿರಿ

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಹೊತ್ತಿನಲ್ಲಿ ವಯರ್ ಫೋನ್ ಮುಟ್ಟಬೇಡಿ, ಪರೀಕ್ಷೆಯನ್ನೂ ಮಾಡಬೇಡಿ. ಆಕಾಶ ಕಪ್ಪಾಗುವಾಗಲೇ ಪೆಟ್ಟಿಗೆಯ ಅಡಾಪ್ಟರ್ ಕಿತ್ತಿಡಿ.

ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಅದು ತುಂಡಾಗಿರಬಹುದು ಅಥವಾ ಮಡಚಿರಬಹುದು. ಆಗ ಯಾವ ಸೆಟ್ಟಿಂಗ್‌ನಿಂದಲೂ ಪ್ರಯೋಜನವಿಲ್ಲ. ಫೈಬರ್ ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಒಳಗಿನ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಮಾಡಬಲ್ಲದು. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಫೈಬರ್ ಕೇಬಲ್ಲು ಕರೆಂಟ್ ತಂತಿಯ ಜೊತೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆಳುಗಳನ್ನೂ ಕಳಿಸಬೇಡಿ. ಹಾಸನದ ಕಡೆ ಸೆಸ್ಕ್, ಚಿಕ್ಕಮಗಳೂರಿನ ಕಡೆ ಮೆಸ್ಕಾಂ, ಎರಡಕ್ಕೂ 1912 ಗೆ ಕರೆ ಮಾಡಿ.

ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಖಂಡಿತ ಗಮನಿಸಿ. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟ್ ಹೋದರೂ ಮಾತಾಡಬಹುದಿತ್ತು. ಫೈಬರ್ ಫೋನು ಹಾಗಲ್ಲ, ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ 112 ಕ್ಕೂ ಕರೆ ಹೋಗುವುದಿಲ್ಲ. ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಒಂದು ಹಾಕಿಸಿ. ಒಂದೇ ಕಡೆ ಕೇಳುವ ಫೋನಿನಲ್ಲಿ ತುರ್ತು ಕರೆ ಮಾಡಬೇಕಾಗಿ ಬಂದು ಅವರ ಮಾತು ನಿಮಗೆ ಕೇಳದಿದ್ದರೂ ಫೋನ್ ಇಡಬೇಡಿ. ಹೆಸರು, ಊರು, ತೋಟದ ಗುರುತು, ಏನಾಗಿದೆ ಅನ್ನುವುದನ್ನು ಎರಡು ಮೂರು ಸಲ ಹೇಳಿ. ನಿಮ್ಮ ದನಿ ಅವರಿಗೆ ತಲುಪುತ್ತಿರಬಹುದು.

ಕಂಪನಿಯವರಿಗೆ ಹೇಳುವಾಗ

"ಫೋನ್ ಸರಿಯಿಲ್ಲ" ಅಂದರೆ ಆ ಕಡೆಯವರು "ಆಫ್ ಮಾಡಿ ಆನ್ ಮಾಡಿ" ಅಂದು ಮುಗಿಸುತ್ತಾರೆ. ಚೀಟಿ ಕೈಯಲ್ಲಿಟ್ಟುಕೊಂಡು ಹೀಗೆ ಹೇಳಿ: "ಕರೆ ಕೂಡುತ್ತದೆ, ದನಿ ಒಂದೇ ದಿಕ್ಕಿಗೆ ಹೋಗುತ್ತಿದೆ. ನನಗೆ ಕೇಳುತ್ತಿಲ್ಲ, ಅವರಿಗೆ ಕೇಳುತ್ತಿದೆ. ಬೇರೆ ಫೋನ್ ಹಾಕಿ ನೋಡಿದೆ, ಹಾಗೇ ಇದೆ. ಒಳಬರುವ ಕರೆಯಲ್ಲೂ ಹೊರಹೋಗುವ ಕರೆಯಲ್ಲೂ ಆಗುತ್ತಿದೆ." ಒಂದು ಕೆಟ್ಟ ಕರೆಯ ದಿನ, ಗಂಟೆ, ನಿಮಿಷ ಮತ್ತು ಯಾವ ನಂಬರಿಗೆ ಮಾಡಿದ್ದು ಅನ್ನುವುದನ್ನೂ ಕೊಡಿ. ಆ ಕರೆಯ ದಾಖಲೆ ಅವರ ಹತ್ತಿರ ಇದ್ದರೆ ಅದನ್ನು ಹುಡುಕಲು ಇಷ್ಟು ಬೇಕು. ಒಂದೇ ನಂಬರಿನ ಜೊತೆ ಮಾತ್ರ ಮೌನ ಅಂದರೆ ಅದನ್ನು ಒತ್ತಿ ಹೇಳಿ, ಎರಡು ಕಂಪನಿಗಳ ನಡುವೆ ಕೋಡೆಕ್ (ದನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ) ಹೊಂದದೆಯೂ ಹಾಗಾಗುತ್ತದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ರಿಪೇರಿಗೆ ಬಂದವರು ಹೊರಡುವ ಮುಂಚೆ ಅವರ ಎದುರಿಗೇ ಒಂದು ಕರೆ ಮಾಡಿ, ಒಂದು ಕರೆ ಮಾಡಿಸಿಕೊಳ್ಳಿ. ಎರಡರಲ್ಲೂ ಒಂದು ನಿಮಿಷ ದಾಟಿ ಮಾತಾಡಿ, ನಡುವೆ ಒಮ್ಮೆ ಹೋಲ್ಡ್ ಹಾಕಿ ತೆಗೆಯಿರಿ. ಎರಡೂ ಕಡೆ ಸರಿಯಾಗಿ ಕೇಳಿದ ಮೇಲೆ ಸಹಿ ಹಾಕಿ.